ಸೆಕೆಂಡ್ ಹ್ಯಾಂಡ್ ಕಾರು ಹೊಸದಕ್ಕಿಂತ ದುಬಾರಿಯಾಗಿದ್ದಾಗ

ಅರವತ್ತರ ದಶಕದಲ್ಲಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಯಾರಾದರೂ ಕಾರು ಕೊಳ್ಳಬೇಕೆಂದು ಹೊರಟರೆ ಮೊದಲು ಮಾಡಬೇಕಾಗಿದ್ದ ಕೆಲಸ ಹೆಸರು ಬರೆಸುವುದು. ಮುಂಗಡ ಕಟ್ಟಿ, ರಸೀದಿಯನ್ನು ಜೋಪಾನವಾಗಿ ಬೀರುವಿನಲ್ಲಿಟ್ಟು, ವರ್ಷಗಟ್ಟಲೆ ಕಾಯಬೇಕು. ದೇಶದಲ್ಲಿ ಕಾರು ತಯಾರಿಸುತ್ತಿದ್ದ ಮುಖ್ಯ ಕಂಪನಿಗಳು ಮೂರೇ ಮೂರು: ಕಲ್ಕತ್ತೆಯ ಬಳಿ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್, ಬೊಂಬಾಯಿಯ ಪ್ರೀಮಿಯರ್ ಆಟೊಮೊಬೈಲ್ಸ್, ಮದರಾಸಿನ ಸ್ಟ್ಯಾಂಡರ್ಡ್. ಎಷ್ಟು ತಯಾರಿಸಬೇಕೆಂಬುದಕ್ಕೆ ಲೈಸೆನ್ಸು. ಹಂಚಿಕೆಗೆ 1959ರ ನಿಯಂತ್ರಣ ಆಜ್ಞೆ. ಬೆಲೆಯ ಮೇಲೂ ಸರ್ಕಾರದ ಕಣ್ಣು. ಹೀಗಾಗಿ ಒಂದು ವಿಚಿತ್ರ ನಡೆಯುತ್ತಿತ್ತು. ಸರದಿ ಬಂದು ಕಾರು ಕೈಗೆ ಸಿಕ್ಕಿದವನು ಅದನ್ನು ಕೆಲಕಾಲ ಓಡಿಸಿ ಮಾರಿದರೂ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಕೈಸೇರುತ್ತಿತ್ತು. ಹೊಸ ಕಾರಿಗೆ ಇದ್ದದ್ದು ಸರ್ಕಾರ ಒಪ್ಪಿದ ಬೆಲೆ, ಹಳೆಯ ಕಾರಿಗೆ ಇದ್ದದ್ದು ಕಾಯಲಾರದವರ ಬೆಲೆ.

ಅದೇ ಕಾಲದಲ್ಲಿ, 1967-68ರಲ್ಲಿ, ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ತರುಣ ಅರ್ಥಶಾಸ್ತ್ರಜ್ಞ ದೆಹಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಬಂದಿದ್ದರು. ಬರುವ ಮುನ್ನವೇ ಅವರೊಂದು ಪ್ರಬಂಧ ಬರೆದು ಪತ್ರಿಕೆಗೆ ಕಳಿಸಿದ್ದರು. ಅದರ ವಸ್ತು ಬಳಸಿದ ಕಾರು. ಶೋರೂಮಿನಿಂದ ಆಚೆ ಬಂದ ಮರುಗಳಿಗೆಯೇ ಹೊಸ ಕಾರಿನ ಬೆಲೆ ಏಕೆ ಬೀಳುತ್ತದೆ ಎಂಬುದು ಅವರ ಪ್ರಶ್ನೆ. ಉತ್ತರ ಸರಳವಾಗಿತ್ತು. ಮಾರುವವನಿಗೆ ತನ್ನ ಕಾರಿನ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಎಲ್ಲ ಕಾರನ್ನೂ ಅನುಮಾನದಿಂದಲೇ ನೋಡಿ ಕಡಿಮೆ ಬೆಲೆ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲು ಒಪ್ಪದೆ ಸಂತೆಯಿಂದ ಹಿಂದೆ ಸರಿಯುತ್ತಾನೆ. ಕೊನೆಗೆ ಉಳಿಯುವುದು ಬಹುತೇಕ ಕೆಟ್ಟವೇ. ಅಮೆರಿಕದ ಆಡುಮಾತಿನಲ್ಲಿ ಅಂಥ ಕಾರಿಗೆ ‘ನಿಂಬೆಹಣ್ಣು’ ಎಂದು ಹೆಸರು, ಪ್ರಬಂಧದ ಹೆಸರಿನಲ್ಲಿಯೂ ಅದೇ ನಿಂಬೆ. ಮೂರು ಪತ್ರಿಕೆಗಳು ಅದನ್ನು ತಿರಸ್ಕರಿಸಿದ ಮೇಲೆ 1970ರಲ್ಲಿ ಪ್ರಕಟವಾಯಿತು, 2001ರಲ್ಲಿ ನೊಬೆಲ್ ತಂದುಕೊಟ್ಟಿತು.

ನನಗೆ ಕುತೂಹಲ ಹುಟ್ಟಿಸುವುದು ಇದು: ಹಳೆಯ ಕಾರಿನ ಬೆಲೆ ಬೀಳುವುದನ್ನು ವಿವರಿಸಿದವರು ಬಂದು ಕೂತದ್ದು ಹಳೆಯ ಕಾರಿನ ಬೆಲೆ ಏರುತ್ತಿದ್ದ ಊರಿನಲ್ಲಿ. ಇದರಿಂದ ಅವರ ವಾದವೇನೂ ಸುಳ್ಳಾಗುವುದಿಲ್ಲ. ನಮ್ಮಲ್ಲಿ ಬರಗಾಲ ಎಷ್ಟು ಬಲವಾಗಿತ್ತೆಂದರೆ ಅನುಮಾನವನ್ನೂ ನುಂಗಿಹಾಕಿತ್ತು. ಜೊತೆಗೆ ಇನ್ನೊಂದು ಕಾರಣವೂ ಇತ್ತೆಂದು ನನ್ನ ಎಣಿಕೆ. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನಿಂದ, ಪದ್ಮಿನಿಯಾದದ್ದು ಇಟಲಿಯ ಫಿಯೆಟ್ 1100. ಎರಡೂ ದಶಕಗಳ ಕಾಲ ಹೆಚ್ಚೇನೂ ಬದಲಾಗಲಿಲ್ಲ. ಸ್ಟೇರಿಂಗ್ ಪಕ್ಕದ ಗೇರಿನ ಕಡ್ಡಿ ಎಲ್ಲಿ ಸವೆಯುತ್ತದೆ, ತಳದ ತಗಡು ಎಲ್ಲಿ ತುಕ್ಕು ಹಿಡಿಯುತ್ತದೆ ಎಂಬುದು ತಾಲ್ಲೂಕು ಕೇಂದ್ರದ ಗ್ಯಾರೇಜಿನ ಹುಡುಗನಿಗೂ ಬಾಯಿಪಾಠ. ಮಾರುವವನಿಗೆ ತಿಳಿದಷ್ಟೇ ಮೇಸ್ತ್ರಿಗೂ ತಿಳಿದಿತ್ತು. ಬಾನೆಟ್ ಎತ್ತಿ, ಎಂಜಿನ್ನಿಗೆ ಕಿವಿಗೊಟ್ಟು, ‘ತಗೋಬೋದು ಸ್ವಾಮಿ’ ಎಂದು ಅವನು ಹೇಳಿದರೆ ಅದೇ ಸರ್ಟಿಫಿಕೇಟು.

ಕಡಿಮೆ ಬೆಲೆಯ ಸಣ್ಣ ಕಾರೊಂದು ಬೇಕು ಎಂಬ ಮಾತು ಐವತ್ತರ ದಶಕದ ಕೊನೆಯಿಂದಲೂ ದೆಹಲಿಯ ಕಡತಗಳಲ್ಲಿ ಓಡಾಡುತ್ತಿತ್ತು. ಬಸ್ಸು ಲಾರಿಗಳಿಗೇ ಕಬ್ಬಿಣ ಸಾಲದಿರುವಾಗ ಕಾರೆಂಬ ಶೋಕಿ ಏಕೆ ಎಂಬ ಆಕ್ಷೇಪವೂ ಅಷ್ಟೇ ಹಳೆಯದು. ಆ ಆಕ್ಷೇಪವನ್ನು ಇಂದು ನಗೆಯಾಡುವುದು ಸುಲಭ, ಅಂದಿನ ಲೆಕ್ಕದಲ್ಲಿ ಅದಕ್ಕೊಂದು ನ್ಯಾಯವಿತ್ತು. 1971ರಲ್ಲಿ ಸಂಜಯ ಗಾಂಧಿ ಮಾರುತಿ ಲಿಮಿಟೆಡ್ ಸ್ಥಾಪಿಸಿದರು. ಪೂರ್ತಿ ಸ್ವದೇಶಿ ಕಾರು ಎಂಬ ಮಾತು ದೊಡ್ಡದಾಗಿ ಕೇಳಿತು, ಜನರ ಕೈಗೆ ಕಾರು ಬರಲಿಲ್ಲ. ತುರ್ತುಪರಿಸ್ಥಿತಿಯ ನಂತರ ಕಂಪನಿಯೇ ಮುಚ್ಚಿಹೋಯಿತು.

ಈ ನಡುವೆ ಬೆಂಗಳೂರಿನಲ್ಲಿ ನಡೆದ ಪ್ರಯತ್ನ ಯಾಕೋ ನಮ್ಮವರ ನೆನಪಿನಿಂದಲೇ ಜಾರಿದೆ. ಎಪ್ಪತ್ತರ ದಶಕದ ನಡುವಿನಲ್ಲಿ ಇಲ್ಲಿನ ಸನ್‌ರೈಸ್ ಆಟೊಮೋಟಿವ್ ‘ಬಾದಲ್’ ಎಂಬ ಮೂರು ಚಕ್ರದ ಕಾರನ್ನು ಬೀದಿಗಿಳಿಸಿತು. ಫೈಬರ್ ಮೈ, 198 ಸಿಸಿ ಎಂಜಿನ್. ನೋಡಿದವರಿಗೆ ಆಟೋವೋ ಕಾರೋ ಎಂಬ ಗೊಂದಲ ಬಂದರೆ ತಪ್ಪಿಲ್ಲ. ಮುಂದೆ ಇದೇ ಸಂಸ್ಥೆಯವರು ಸಿಪಾನಿ ಆಟೊಮೊಬೈಲ್ಸ್ ಹೆಸರಿನಲ್ಲಿ 1982ರಲ್ಲಿ ‘ಡಾಲ್ಫಿನ್’ ತಂದರು. ಇದು ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಭಾರತೀಯ ಅವತಾರ. 848 ಸಿಸಿಯ ಅಲ್ಯುಮಿನಿಯಂ ಎಂಜಿನ್, ಎರಡೇ ಬಾಗಿಲು, ಮೈಯೆಲ್ಲ ಫೈಬರ್, ಹಾಗಾಗಿ ಹಗುರ. ರ್‍ಯಾಲಿಗಳಲ್ಲಿ ಇದು ಚೆನ್ನಾಗಿಯೇ ಓಡಿತು. ಮನೆಮಂದಿಗೆ ಹಿಡಿಸಲಿಲ್ಲ. ಹಿಂದಿನ ಸೀಟಿಗೆ ಹತ್ತಲು ಮುಂದಿನ ಸೀಟು ಮಡಚಬೇಕಾದ ಕಾರಿನಲ್ಲಿ ಅತ್ತೆಯವರನ್ನು ಕೂರಿಸುವುದು ಹೇಗೆ? ಬಾಗಿಲು ಹೆಚ್ಚಿಸಿ ‘ಮೊಂಟಾನಾ’ ತರುವ ಹೊತ್ತಿಗೆ ಮಾರುತಿ ಮನೆಮಾತಾಗಿತ್ತು. ಒಂದು ಕಾರಿನ ಯೋಗ್ಯತೆ ಎಂಜಿನ್ನಿನಲ್ಲಷ್ಟೇ ಇರುವುದಿಲ್ಲ. ಬಿಡಿಭಾಗ ಎಲ್ಲಿ ಸಿಗುತ್ತದೆ, ದಾರಿಯಲ್ಲಿ ಕೆಟ್ಟು ನಿಂತರೆ ಯಾರಿಗೆ ರಿಪೇರಿ ಬರುತ್ತದೆ ಎಂಬುದರಲ್ಲಿಯೂ ಇರುತ್ತದೆ. ಡಾಲ್ಫಿನ್ ಸೋತದ್ದು ಬಹುಶಃ ಅಲ್ಲಿಯೇ.

ಸಂಜಯ ಗಾಂಧಿ 1980ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ಸರ್ಕಾರವೇ ಮಾರುತಿ ಉದ್ಯೋಗ್ ಲಿಮಿಟೆಡ್ ಆರಂಭಿಸಿತು. ವಿ. ಕೃಷ್ಣಮೂರ್ತಿ, ಆರ್.ಸಿ. ಭಾರ್ಗವ ಮೊದಲಾದವರು ಪಾಲುದಾರರನ್ನು ಹುಡುಕಿ ದೇಶದೇಶ ಸುತ್ತಿದರು. 1982ರ ಅಕ್ಟೋಬರಿನಲ್ಲಿ ಜಪಾನಿನ ಸುಜುಕಿಯೊಡನೆ ಒಪ್ಪಂದವಾಯಿತು. ಸುಜುಕಿಯ ಪಾಲು ಆಗ ಶೇ. 26. ಬುಕಿಂಗ್ ತೆರೆದಾಗ 10,000 ರೂಪಾಯಿ ಮುಂಗಡ ಕಟ್ಟಿ ಒಂದು ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಇಡೀ ದೇಶದಲ್ಲಿ ವರ್ಷಕ್ಕೆ ಐವತ್ತು ಸಾವಿರ ಕಾರೂ ತಯಾರಾಗದ ಕಾಲ ಅದು, ನೆನಪಿರಲಿ. ಬುಕ್ ಮಾಡಿದವರಲ್ಲಿ ಯಾರೂ ಆ ಕಾರನ್ನು ಓಡಿಸಿ ನೋಡಿರಲಿಲ್ಲ.

1983ರ ಡಿಸೆಂಬರ್ 14, ಸಂಜಯರ ಜನ್ಮದಿನ. ಅಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಬೀಗದಕೈಯನ್ನು ಹರ್‌ಪಾಲ್ ಸಿಂಗ್ ಅವರ ಕೈಗಿತ್ತರು. ಸಿಂಗ್ ಇಂಡಿಯನ್ ಏರ್‌ಲೈನ್ಸ್ ನೌಕರರು, ತಮ್ಮ ಫಿಯೆಟ್ ಮಾರಿ ಇದನ್ನು ಕೊಂಡಿದ್ದರು. ಬೆಲೆ ಸುಮಾರು 50,000 ರೂಪಾಯಿ. 2010ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಕಾರನ್ನು ಮಾರಲಿಲ್ಲ. ಆಮೇಲೆ ಅದು ಬಿಸಿಲು ಮಳೆಯಲ್ಲಿ ನಿಂತು ತುಕ್ಕು ಹಿಡಿಯಿತು. ಕೆಲವು ವರ್ಷಗಳ ಹಿಂದೆ ಅದನ್ನು ಮತ್ತೆ ಸಜ್ಜುಗೊಳಿಸಿ ಕಂಪನಿಯ ಮುಖ್ಯ ಕಚೇರಿಯಲ್ಲಿ ಇರಿಸಿದ್ದಾರೆ.

796 ಸಿಸಿ, ಮೂರು ಸಿಲಿಂಡರ್, ತೂಕ ಸುಮಾರು 650 ಕಿಲೋ. ಅಂಬಾಸಿಡರಿಗೆ ಒಗ್ಗಿದ ಮೇಸ್ತ್ರಿಗಳಿಗೆ ಇದು ಡಬ್ಬಿಯಂತೆ ಕಂಡಿತು. ಅಂಬಾಸಿಡರಿನ ಬಾನೆಟ್ಟಿನೊಳಗೆ ಒಬ್ಬ ಮನುಷ್ಯ ಇಳಿದು ಕೂರಬಹುದಾಗಿತ್ತು, ಇಲ್ಲಿ ಕೈ ತೂರಿಸಲೂ ಜಾಗವಿಲ್ಲ. ಎಳೆಯುವುದು ಮುಂದಿನ ಚಕ್ರ. ಕೆಲವೇ ವರ್ಷಗಳಲ್ಲಿ ಆ ತಾತ್ಸಾರ ಕರಗಿತು. ಬೆಳಗಿನ ಚಳಿಯಲ್ಲಿಯೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುವುದು, ಅಂಬಾಸಿಡರಿನ ಹೆಚ್ಚುಕಡಿಮೆ ಅರ್ಧದಷ್ಟು ಪೆಟ್ರೋಲಿನಲ್ಲಿ ಅಷ್ಟೇ ದೂರ ಹೋಗುವುದು, ಹೆಂಗಸರಿಗೂ ಹೊಸಬರಿಗೂ ಹಗುರಾದ ಕ್ಲಚ್ಚು: ಇವೆಲ್ಲ ಕಾರನ್ನು ಅಳೆಯುವ ಹೊಸ ಮಾನದಂಡಗಳಾದವು. ‘ಎಷ್ಟು ಕೊಡುತ್ತೆ?’ ಎಂಬ ಪ್ರಶ್ನೆ ನಮ್ಮ ಮದುವೆಮನೆಗಳಲ್ಲಿ ಉಭಯಕುಶಲೋಪರಿಯ ಜಾಗಕ್ಕೆ ಬಂದು ಕೂತದ್ದು ಆ ಮೇಲೆಯೇ. 1986ರಲ್ಲಿ ಕಾರಿನ ಆಕಾರ ಬದಲಾಯಿತು. ಆಮೇಲೆ ಸಣ್ಣಪುಟ್ಟ ಮಾರ್ಪಾಡು ಬಿಟ್ಟರೆ 2014ರ ಜನವರಿಯಲ್ಲಿ ಉತ್ಪಾದನೆ ನಿಲ್ಲುವವರೆಗೂ ಅದೇ ಮುಖ. ಒಟ್ಟು 25 ಲಕ್ಷಕ್ಕೂ ಹೆಚ್ಚು ಕಾರುಗಳು ದೇಶದ ರಸ್ತೆಗಿಳಿದವು. ಮೇಸ್ತ್ರಿಗಳಿಗೆ ಮತ್ತೆ ಬಾಯಿಪಾಠವಾಗಲು ಅಷ್ಟು ಸಾಕಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಬಿಡಿಭಾಗ, ಶಿವಾಜಿನಗರದ ಗುಜರಿಯಲ್ಲಿ ಬಳಸಿದ್ದು. ಯಾವುದೂ ಇಲ್ಲವೆಂದು ವಾಪಸು ಬರುವ ಮಾತಿರಲಿಲ್ಲ.

ಹಳೆಯ ಎಂಟುನೂರನ್ನು ಪರೀಕ್ಷಿಸುವ ಶಾಸ್ತ್ರ ಬೆಳೆದದ್ದೂ ಹೀಗೆ. ಗ್ಯಾರೇಜುಗಳಲ್ಲಿ ಬಾಯಿಂದ ಬಾಯಿಗೆ ಬಂದ ಈ ಜ್ಞಾನವನ್ನು ಯಾರೂ ಪುಸ್ತಕ ಮಾಡಿದ ಹಾಗಿಲ್ಲ. ಕಾರನ್ನು ನೋಡಲು ಬೆಳಿಗ್ಗೆಯೇ ಹೋಗಬೇಕು, ಎಂಜಿನ್ ತಣ್ಣಗಿರುವಾಗ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಅದೇ ಒಂದು ಸುಳಿವು. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ, ರಿಂಗು ಸವೆದಿವೆ. ಕಪ್ಪು ಹೊಗೆಯಾದರೆ ಪೆಟ್ರೋಲು ಹೆಚ್ಚಾಗಿ ಉರಿಯುತ್ತಿದೆ, ಕಾರ್ಬುರೇಟರ್ ತಿದ್ದಿದರೆ ಹೋದೀತು. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದು ಅಲ್ಲಿ ಹೊಗೆ ಪುಸುಗುಟ್ಟುತ್ತದೆಯೇ ನೋಡಬೇಕು. ಕಾಲಡಿಯ ಮ್ಯಾಟ್ ಎತ್ತಿ ತಗಡನ್ನು ಒತ್ತಬೇಕು. ಕರಾವಳಿಯ ಕಾರಾದರೆ ಇದನ್ನು ಎರಡು ಸಲ ಮಾಡಬೇಕು, ಉಪ್ಪುಗಾಳಿ ಯಾರನ್ನೂ ಬಿಡುವುದಿಲ್ಲ. ಬಣ್ಣದ ಮೇಲೆ ಸಣ್ಣ ಅಯಸ್ಕಾಂತ ಇಟ್ಟರೆ ಅಂಟದ ಕಡೆ ಒಳಗೆ ಪುಟ್ಟಿ ತುಂಬಿದ್ದಾರೆ, ಅಂದರೆ ಅಲ್ಲೊಂದು ಅಪಘಾತ ಅಡಗಿದೆ. ಮೀಟರು ನಲವತ್ತು ಸಾವಿರ ತೋರಿಸುತ್ತಿದ್ದು ಬ್ರೇಕ್ ಪೆಡಲಿನ ರಬ್ಬರು ನುಣ್ಣಗಾಗಿದ್ದರೆ ಪೆಡಲನ್ನೇ ನಂಬಬೇಕು. ಕೊನೆಗೆ ಕಾಗದ: ಆರ್‌ಸಿಯಲ್ಲಿ ಎಷ್ಟನೆಯ ಒಡೆಯ, ಬ್ಯಾಂಕಿನ ಸಾಲ ತೀರಿದೆಯೇ, ಬೇರೆ ರಾಜ್ಯದ ಗಾಡಿಯಾದರೆ ಎನ್‌ಒಸಿ ಇದೆಯೇ. ದೆಹಲಿಯಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳಿಗೆ ತಡೆ ಬಿದ್ದ ಮೇಲೆ ಅಲ್ಲಿಂದ ದಕ್ಷಿಣಕ್ಕೆ ಬಂದ ಅಗ್ಗದ ಕಾರುಗಳು ಒಂದೆರಡಲ್ಲ. ಇಲ್ಲಿನ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸುವಷ್ಟರಲ್ಲಿ ಅಗ್ಗವೆಂಬುದು ಎಷ್ಟೋ ಸಲ ಕರಗಿಹೋಗಿರುತ್ತದೆ.

1993ರಲ್ಲಿ ಕಾರಿನ ಉದ್ಯಮಕ್ಕೆ ಲೈಸೆನ್ಸ್ ಕಟ್ಟು ಕಳಚಿತು. 1998ರ ಹೊತ್ತಿಗೆ ಸ್ಯಾಂಟ್ರೊ, ಮಟೀಜ್, ಇಂಡಿಕಾ ಬಂದವು. ಬರಗಾಲ ಮುಗಿಯುತ್ತಿದ್ದಂತೆ ಅಕರ್ಲಾಫರ ಶಾಸ್ತ್ರ ನಮ್ಮಲ್ಲಿಯೂ ನಿಜವಾಗತೊಡಗಿತು. ಇವತ್ತು ವಿಮೆಯವರ ಪಟ್ಟಿಯನ್ನೇ ನೋಡಿ: ಆರು ತಿಂಗಳಾದ ಮೇಲೆ ಕಾರಿನ ಬೆಲೆಯಲ್ಲಿ ಶೇ. 15 ಕಡಿತ, ಎರಡನೆಯ ವರ್ಷಕ್ಕೆ 20, ಮೂರನೆಯದಕ್ಕೆ 30, ಐದನೆಯ ವರ್ಷಕ್ಕೆ ಅರ್ಧಕ್ಕರ್ಧ. ಹೊಸದು ಕೊಳ್ಳುವವನು ಈ ಅರ್ಧವನ್ನು ಯಾಕಾಗಿ ಕೊಡುತ್ತಾನೆ? ಮುಖ್ಯವಾಗಿ ಅನುಮಾನದಿಂದ ಬಿಡುಗಡೆಗಾಗಿ. ಅನುಮಾನಕ್ಕೆ ಇಷ್ಟು ಬೆಲೆಯಿದೆ ಎಂದ ಮೇಲೆ ಅದನ್ನು ನಿವಾರಿಸುವುದೂ ಒಂದು ವ್ಯಾಪಾರವೇ ಸರಿ. ಪರೀಕ್ಷಿಸಿ ವಾರಂಟಿಯೊಡನೆ ಹಳೆಯ ಕಾರು ಮಾರುವ ‘ಟ್ರೂ ವ್ಯಾಲ್ಯೂ’ ಮಳಿಗೆಗಳನ್ನು ಮಾರುತಿ ತೆರೆದದ್ದು 2001ರಲ್ಲಿ, ಅಕರ್ಲಾಫರಿಗೆ ನೊಬೆಲ್ ಬಂದ ವರ್ಷವೇ. ಕಾಕತಾಳೀಯವೇ ಇರಬಹುದು, ಆದರೂ ಚೆನ್ನಾಗಿದೆ.

ಹೊಸದೋ ಹಳೆಯದೋ ಎಂಬ ಪ್ರಶ್ನೆಯನ್ನು ಬಡ ಮಧ್ಯಮವರ್ಗದ ಮುಂದೆ ನೇರವಾಗಿ ಇಟ್ಟದ್ದು ಟಾಟಾ ನ್ಯಾನೊ. 2008ರ ಜನವರಿಯಲ್ಲಿ ಒಂದು ಲಕ್ಷ ರೂಪಾಯಿಯ ಕಾರೆಂದು ಅದನ್ನು ತೋರಿಸಿದರು. ಅಷ್ಟೇ ಹಣಕ್ಕೆ ಕೆಲವು ವರ್ಷ ಓಡಿದ ಒಂದು ಎಂಟುನೂರು ಸಿಗುತ್ತಿತ್ತು. ಜನ ಯೋಚಿಸಿ ನೋಡಿದರು. ‘ಅತಿ ಅಗ್ಗದ ಕಾರು’ ಎಂಬ ಬಿರುದನ್ನು ಮನೆಮುಂದೆ ನಿಲ್ಲಿಸಿಕೊಳ್ಳುವುದಕ್ಕಿಂತ ಹೆಸರಿರುವ ಹಳೆಯ ಕಾರೇ ಮೇಲು ಎಂದು ಬಹಳ ಮಂದಿಗೆ ಅನಿಸಿರಬೇಕು. 2018ರ ಹೊತ್ತಿಗೆ ನ್ಯಾನೊ ಕಥೆ ಮುಗಿದಿತ್ತು.

ಇಷ್ಟು ದಶಕಗಳ ಈ ಲೆಕ್ಕಾಚಾರದಲ್ಲಿ ಒಂದು ಪ್ರಶ್ನೆ ಹೆಚ್ಚುಕಡಿಮೆ ಯಾರ ಬಾಯಲ್ಲೂ ಬರಲಿಲ್ಲ: ಡಿಕ್ಕಿಯಾದರೆ ಒಳಗಿರುವವರ ಗತಿ ಏನು? ಎಂಟುನೂರು ಕೊನೆಯುಸಿರೆಳೆದ ಅದೇ 2014ರ ಜನವರಿಯ ಕೊನೆಯ ದಿನ ಗ್ಲೋಬಲ್ ಎನ್‌ಸಿಎಪಿ ಭಾರತದ ಐದು ಸಣ್ಣ ಕಾರುಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿದ್ದರು. ಎಂಟುನೂರರ ಉತ್ತರಾಧಿಕಾರಿಯಾದ ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ, ಎಲ್ಲಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಗುದ್ದಿಸಿದ್ದು ಏರ್‌ಬ್ಯಾಗ್ ಇಲ್ಲದ ಆರಂಭಿಕ ಮಾದರಿಗಳನ್ನು. ಎರಡು ಏರ್‌ಬ್ಯಾಗ್ ಇದ್ದ ಪೋಲೊವನ್ನು ಗುದ್ದಿಸಿದಾಗ ನಾಲ್ಕು ನಕ್ಷತ್ರ ಬಂತು. ಅದೇ ಕಾರು, ಅದೇ ತಗಡು. ಆದರೆ ಆಲ್ಟೊ, ನ್ಯಾನೊ, ಐ10ಗಳ ವಿಚಾರದಲ್ಲಿ ಪರೀಕ್ಷಕರು ಹೇಳಿದ್ದು ಬೇರೆ. ಮೈಯ ಚೌಕಟ್ಟೇ ಸಾಲದು, ಬರೀ ಏರ್‌ಬ್ಯಾಗ್ ಕೂರಿಸಿದರೆ ಉಪಯೋಗ ಕಡಿಮೆ ಎಂದು.

ಚಾಲಕನ ಏರ್‌ಬ್ಯಾಗ್ ನಮ್ಮಲ್ಲಿ ಕಡ್ಡಾಯವಾದದ್ದು 2019ರ ಜುಲೈಯಿಂದ. ಪಕ್ಕದ ಸೀಟಿನದು ಎಲ್ಲ ಹೊಸ ಕಾರುಗಳಿಗೂ ಬಂದದ್ದು ಇನ್ನೂ ತಡವಾಗಿ, 2021ರ ಕೊನೆಗೆ. ನೋಂದಣಿ ಹದಿನೈದು ವರ್ಷದ್ದಾದ್ದರಿಂದ ಅದಕ್ಕೆ ಮುಂಚಿನ ಕಾರುಗಳು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಇನ್ನೂ ಬಹಳ ಕಾಲ ಕೈಬದಲಾಯಿಸುತ್ತಿರುತ್ತವೆ. ಹಾಗಾಗಿ ಈಗ ಹಳೆಯ ಕಾರು ನೋಡಲು ಹೋಗುವವರು ಅಯಸ್ಕಾಂತ ತೆಗೆಯುವ ಮೊದಲು ಆರ್‌ಸಿಯಲ್ಲಿ ತಯಾರಾದ ತಿಂಗಳು ವರ್ಷ ಓದುವುದು ಒಳ್ಳೆಯದು. ಆಮೇಲೆ ಸ್ಟೇರಿಂಗಿನ ನಡುವೆ ‘ಏರ್‌ಬ್ಯಾಗ್’ ಎಂದು ಬರೆದಿದೆಯೇ, ಕೀಲಿ ತಿರುವಿದಾಗ ಅದರ ಕೆಂಪು ದೀಪ ಹೊತ್ತಿ ಆರುತ್ತದೆಯೇ ನೋಡಬೇಕು. ದೀಪ ಹೊತ್ತದೇ ಇದ್ದರೆ ಯಾರೋ ಅದರ ತಂತಿ ಕಿತ್ತಿರಬಹುದು.