ಪ್ಲಾಸ್ಟಿಕ್ಕಿಗೆ ಜೀವಲೋಕದ ಉತ್ತರ

ಮರ, ಎಲೆ, ಎಲುಬು, ತೊಗಲು ಯಾವುದು ಮಣ್ಣಿಗೆ ಬಿದ್ದರೂ ಅದನ್ನು ಕರಗಿಸಬಲ್ಲ ಸೂಕ್ಷ್ಮಾಣು ಒಂದಲ್ಲ ಒಂದು ಇದ್ದೇ ಇರುತ್ತದೆ. ಆ ಕೌಶಲ ಕೋಟ್ಯಂತರ ವರ್ಷಗಳ ವಿಕಾಸದ ಗಳಿಕೆ. ಬೇಕಲೈಟ್ ಹುಟ್ಟಿದ್ದು 1907ರಲ್ಲಿ, ಪಾಲಿಥೀನ್ 1933ರಲ್ಲಿ. ಪ್ಲಾಸ್ಟಿಕ್ಕನ್ನು ಅರಗಿಸಿಕೊಳ್ಳಲು ಜೀವಿಗಳಿಗೆ ಈವರೆಗೆ ಸಿಕ್ಕಿರುವ ಕಾಲ ನೂರು ಚಿಲ್ಲರೆ ವರ್ಷ ಮಾತ್ರ.

ಅಷ್ಟರಲ್ಲೇ ಏನೋ ನಡೆದಿದೆ ಎಂಬ ಮೊದಲ ಸುಳಿವು ಜಪಾನಿನಿಂದ ಬಂತು. ನೈಲಾನ್ ಕಾರ್ಖಾನೆಯ ಕೊಳಚೆ ನೀರಿನ ಹೊಂಡದಲ್ಲಿ, ನೈಲಾನ್ ತಯಾರಿಕೆಯಲ್ಲಿ ಉಳಿಯುವ ಚಿಕ್ಕ ಅಣುಗಳನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾ 1975ರಲ್ಲಿ ವರದಿಯಾಯಿತು. ಆ ಅಣುಗಳು ಕಾರ್ಖಾನೆಗೆ ಮುಂಚೆ ಭೂಮಿಯ ಮೇಲೆ ಇರಲೇ ಇಲ್ಲ. 1984ರಲ್ಲಿ ತಳಿವಿಜ್ಞಾನಿ ಸುಸುಮು ಓನೊ, ಅವುಗಳನ್ನು ಒಡೆಯುವ ಬ್ಯಾಕ್ಟೀರಿಯಾದ ಕಿಣ್ವ ಒಂದೇ ಏಟಿಗೆ ಹೊಸದಾಗಿ ಹುಟ್ಟಿರಬೇಕೆಂದು ವಾದಿಸಿದರು. ಕಿಣ್ವದ ರಚನೆ ಬಿಡಿಸಿ ನೋಡಿದಾಗ ತಿಳಿದದ್ದು ಬೇರೆ: ಬೇರೊಂದು ಕೆಲಸಕ್ಕಿದ್ದ ಹಳೆಯ ಕಿಣ್ವವೇ ಸಣ್ಣ ಬದಲಾವಣೆಗಳಿಂದ ಹೊಸ ಆಹಾರಕ್ಕೆ ಒಗ್ಗಿಕೊಂಡಿತ್ತು. ಈ ಕ್ಷೇತ್ರದ ಬಹುಪಾಲು ಶೋಧಗಳಲ್ಲಿ ಕಾಣುವುದು ಇದೇ ದಾರಿ.

ಜಪಾನಿನ ಸಕಾಯ್ ನಗರದ ಬಾಟಲಿ ಮರುಬಳಕೆ ಘಟಕದ ಬಳಿ ಸಿಕ್ಕಿ 2016ರಲ್ಲಿ ವರದಿಯಾದ ಇಡಿಯೊನೆಲ್ಲ ಸಕಾಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ, ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕಿನ ತೆಳು ಹಾಳೆಯನ್ನು 30 ಡಿಗ್ರಿ ಶಾಖದಲ್ಲಿ ಆರು ವಾರಗಳಲ್ಲಿ ಬಹುತೇಕ ಕರಗಿಸಿತು. ಅದರ ಕಿಣ್ವ, ಎಲೆಯ ಮೇಲಿನ ಮೇಣದಂಥ ಪದರವನ್ನು ಕತ್ತರಿಸುವ ಕಿಣ್ವಗಳ ಬಂಧು. ಅದೇ ಬಳಗದ ಮತ್ತೊಂದು ಕಿಣ್ವ ಎಲೆಗೊಬ್ಬರದಲ್ಲಿ ದೊರಕಿತ್ತು. 2020ರಲ್ಲಿ ಫ್ರಾನ್ಸಿನ ತಂಡ ಅದನ್ನು ತಿದ್ದಿ, ಸುಮಾರು 72 ಡಿಗ್ರಿಯಲ್ಲಿ ಹತ್ತು ಗಂಟೆಯೊಳಗೆ ಪೆಟ್‌ನ ಶೇ 90ರಷ್ಟನ್ನು ಬಿಡಿಸಿತು. ಇದು ನಿಸರ್ಗದ ವಿಕಾಸವಲ್ಲ, ಪ್ರಯೋಗಾಲಯದ ಕೆಲಸ.

ಪೆಟ್ ಮತ್ತು ನೈಲಾನಿನ ಸರಪಳಿಯಲ್ಲಿ ನೀರಿನ ನೆರವಿನಿಂದ ಬಿಡಿಸಬಹುದಾದ ಕೊಂಡಿಗಳಿವೆ. ಪಾಲಿಥೀನ್ ಬರೀ ಇಂಗಾಲ-ಇಂಗಾಲದ ಬಂಧ. ಕಿಣ್ವ ಕಚ್ಚಲು ಸುಲಭದ ಹಿಡಿ ಇಲ್ಲ. ಜೇನುಗೂಡಿನ ಮೇಣ ತಿನ್ನುವ ಪತಂಗದ ಹುಳು ಪಾಲಿಥೀನ್ ಕೊರೆಯುತ್ತದೆಂದು 2017ರಲ್ಲಿ ಪ್ರಕಟವಾದಾಗ, ಪುರಾವೆ ಸಾಲದೆಂದು ಅದೇ ವರ್ಷ ಆಕ್ಷೇಪ ಬಂತು. 2022ರಲ್ಲಿ, ಪಾಲಿಥೀನಿನ ಮೇಲೆ ಕೆಲಸ ಮಾಡುತ್ತವೆನ್ನಲಾದ, ಹುಳುವಿನ ಜೊಲ್ಲಿನ ಕಿಣ್ವಗಳ ವಿವರ ಹೊರಬಂತು.

ಪೆಟ್‌ಗೂ ಪಾಲಿಥೀನಿಗೂ ಇರುವ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಬೆಂಗಳೂರಿನ ಬೀದಿ ಹಸು ತೋರಿಸುತ್ತದೆ. ಜಯನಗರ, ಬನಶಂಕರಿಯ ಮಾರುಕಟ್ಟೆಯ ಹಿಂಬದಿಯಲ್ಲಿ ಹಸು ಅನ್ನ, ಸೊಪ್ಪು, ಹಣ್ಣಿನ ಸಿಪ್ಪೆಗಾಗಿ ಗಂಟು ಹಾಕಿದ ಕವರನ್ನೇ ನುಂಗುತ್ತದೆ. ಹಸುವಿನ ಮೊದಲ ಹೊಟ್ಟೆಯ ರಸದಲ್ಲಿರುವ ಸೂಕ್ಷ್ಮಾಣುಗಳು ಪೆಟ್‌ನಂಥ ಪಾಲಿಯೆಸ್ಟರುಗಳನ್ನು ಸ್ವಲ್ಪಮಟ್ಟಿಗೆ ಒಡೆಯಬಲ್ಲವೆಂದು 2021ರಲ್ಲಿ ಆಸ್ಟ್ರಿಯಾದ ಸಂಶೋಧಕರು ತೋರಿಸಿದರು. ಆದರೆ ಕವರ್ ಪಾಲಿಥೀನಿನದು. ಅದು ಕರಗದೆ ಮುದ್ದೆಗಟ್ಟಿ, ಮೇವಿನ ದಾರಿ ಮುಚ್ಚುತ್ತದೆ. ಹೊಟ್ಟೆ ಕೊಯ್ದು ಹತ್ತಾರು ಕಿಲೋ ಹೊರತೆಗೆಯಬೇಕಾಗುತ್ತದೆ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದ್ದರೂ ಈ ಸಂಕಟ ತಪ್ಪಿಲ್ಲ. ಗಂಟೆಗಳಲ್ಲಿ ಪೀಳಿಗೆ ಬದಲಿಸುವ ಬ್ಯಾಕ್ಟೀರಿಯಾಕ್ಕೆ ಸಿಗುವ ಕಾಲಾವಕಾಶ ವರ್ಷಕ್ಕೊಂದು ಕರು ಹಾಕುವ ಪ್ರಾಣಿಗೆ ಇಲ್ಲ. ಅಲ್ಲಿ ನೈಸರ್ಗಿಕ ಆಯ್ಕೆ ಎಂದರೆ ಸಾಯುವುದೇ.

ಮೀನಿನ ಪಾಡೂ ಹೆಚ್ಚು ಭಿನ್ನವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಪೇಂದ್ರ ನೊಂಗ್‌ತೊಂಬ ಅವರ ತಂಡ ಕೃಷ್ಣರಾಜಸಾಗರದ ಬಳಿ ಕಾವೇರಿ ನೀರನ್ನು ಸಂಗ್ರಹಿಸಿ, ಅದರಲ್ಲಿ ಜೀಬ್ರಾಮೀನಿನ ಭ್ರೂಣಗಳನ್ನು ಬೆಳೆಸಿತು. ನಿಧಾನವಾಗಿ ಹರಿಯುವ ಮತ್ತು ನಿಂತ ನೀರಿನಲ್ಲಿ ಎಲುಬಿನ ವಿಕೃತಿ, ಡಿಎನ್ಎ ಹಾನಿ ಕಂಡವು. ಸೂಕ್ಷ್ಮಾಣುಗಳನ್ನು ಸೋಸಿ ತೆಗೆದ ಮೇಲೂ ಹಾನಿ ನಿಲ್ಲಲಿಲ್ಲ. ಆ ನೀರಿನಲ್ಲಿ ಮೈಕ್ರೋಪ್ಲಾಸ್ಟಿಕ್ ಇತ್ತು. ಸಂಶಯ ಅದರ ಮೇಲೂ ಇದೆ.

ಪ್ಲಾಸ್ಟಿಕ್ ಆಹಾರವಾಗದಿದ್ದರೂ ಮನೆಯಾಗಬಲ್ಲದು. ಅದರ ಮೇಲೆ ನೆಲೆಸಿದ ಸೂಕ್ಷ್ಮಜೀವಿಗಳ ಲೋಕಕ್ಕೆ 2013ರಲ್ಲಿ ಪ್ಲಾಸ್ಟಿಸ್ಫಿಯರ್ ಎಂಬ ಹೆಸರು ಬಂತು. ಕರಾವಳಿಯ ಜೀವಿಗಳು ನಡುಸಾಗರದ ತೇಲುವ ಕಸದ ಮೇಲೆ ಬದುಕಿ ಸಂತಾನ ಪಡೆಯುತ್ತಿವೆ ಎಂದು 2023ರ ಅಧ್ಯಯನ ದಾಖಲಿಸಿತು.

ಇಂಥ ಮನೆಗಳು ಊರಿನ ಕೊಳಚೆಯಲ್ಲೂ ಇವೆ, ಚಿಂತೆ ಹುಟ್ಟಿಸುವುದು ಅವೇ. ಮೈಕ್ರೋಪ್ಲಾಸ್ಟಿಕ್ ಮೇಲೆ ಒತ್ತೊತ್ತಾಗಿ ಬೆಳೆದ ಬ್ಯಾಕ್ಟೀರಿಯಾಗಳು, ನೀರಿನಲ್ಲಿ ಬಿಡಿಯಾಗಿ ತೇಲುವವಕ್ಕಿಂತ ಹೆಚ್ಚಾಗಿ ವಂಶವಾಹಿಗಳನ್ನು ಕೈಬದಲಾಯಿಸಿಕೊಳ್ಳುತ್ತವೆಂದು 2018ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಔಷಧಕ್ಕೆ ಬಗ್ಗದ ಗುಣ ಹರಡುವುದೂ ಇದೇ ಹಾದಿಯಲ್ಲಿ. ಬಿಟಿಎಂ ಬಡಾವಣೆಯ ಮಡಿವಾಳ ಕೆರೆಯಿಂದ ಅಗರ, ಬೆಳ್ಳಂದೂರಿನತ್ತ ಹೋಗುವ ರಾಜಕಾಲುವೆಯಲ್ಲಿ ಕೊಳಚೆಯೂ ಪ್ಲಾಸ್ಟಿಕ್ಕೂ ಜೊತೆಯಾಗಿಯೇ ಸಾಗುತ್ತವೆ. ಬಸವನಗುಡಿಯ ಕಡೆ ಹುಟ್ಟುವ ವೃಷಭಾವತಿ ಅದೇ ಸರಕನ್ನು ಹೊತ್ತು ಬೈರಮಂಗಲ ಕೆರೆ ಸೇರುತ್ತದೆ, ಅಲ್ಲಿಂದ ಆ ನೀರು ಬೇಸಾಯಕ್ಕೆ ಹರಿಯುತ್ತದೆ.