ಮೆಣಸು ಹೋದ ಊರು

ನಮ್ಮ ಹೈಸ್ಕೂಲು ಮಕ್ಕಳಿಗೆ ಲಿಸ್ಬನ್ ಎಂದರೆ ವಾಸ್ಕೋ ಡ ಗಾಮ ಹಡಗು ಹತ್ತಿದ ಜಾಗ, ಅಷ್ಟೆ. 1497ರಲ್ಲಿ ಹೊರಟ, 1498ರಲ್ಲಿ ಕಲ್ಲಿಕೋಟೆ ಮುಟ್ಟಿದ. ಎರಡು ಅಂಕದ ಪ್ರಶ್ನೆ ಅಲ್ಲಿಗೆ ಮುಗಿಯಿತು. ನಮ್ಮ ಪಶ್ಚಿಮ ಕರಾವಳಿಯ ಮೆಣಸು ಹಡಗುಗಟ್ಟಲೆ ಹೋಗಿ ಸೇರಿದ್ದು ಆ ಊರನ್ನೇ. ಆ ಊರಿನವರ ಕೈಯಿಂದ ನಮ್ಮ ಅಡುಗೆಮನೆಗೂ ಮಾತಿಗೂ ಕಡೆಗೆ ನಮ್ಮ ಚರಿತ್ರೆಗೂ ಏನೇನೋ ಬಂದು ಸೇರಿತು. ಇದೆಲ್ಲ ಎರಡು ಅಂಕದಲ್ಲಿ ಹಿಡಿಸುವುದಿಲ್ಲ. ಈ ಪಾಠವನ್ನು ವರ್ಷಗಟ್ಟಲೆ ಮಾಡಿದ ಮೇಲೆ ಅಲ್ಲಿ ಎಂಟು ದಿನ ತಿರುಗಾಡುವ ಅವಕಾಶ ನನಗೆ ಸಿಕ್ಕಿತು. ಅಷ್ಟು ಸಂತೋಷ ಕೊಟ್ಟ ಊರುಗಳನ್ನು ನಾನು ಹೆಚ್ಚು ಕಂಡಿಲ್ಲ. ಸಂತೋಷದ ಜೊತೆಗೇ ಒಂದು ಕಸಿವಿಸಿಯೂ ಬಂತು. ಅದನ್ನು ಬಿಟ್ಟು ಬರೆದರೆ ಅರ್ಧ ಬರೆದ ಹಾಗೆ.

ಲಿಸ್ಬನ್ನಿಗೆ ಏಳು ಬೆಟ್ಟಗಳೆಂದು ಲೆಕ್ಕ. ರಾಮನಗರದ ಸೀಮೆಯವಳಿಗೆ ಇದನ್ನು ಕೇಳಿ ನಗು ಬರದಿದ್ದೀತೆ? ರಾಮಗಿರಿಯ ಸುತ್ತ ನಾವೂ ಏಳು ಬೆಟ್ಟ ಎಣಿಸುತ್ತೇವೆ. ನಮ್ಮವು ಬೋಳು ಬಂಡೆಗಳು, ಹದ್ದುಗಳಿಗೆ ಮೀಸಲು. ಅವರದರ ಮೇಲೆ ಕೆಂಪು ಹೆಂಚಿನ ಮನೆಗಳು ಒಂದರ ಹೆಗಲ ಮೇಲೊಂದು ಕುಳಿತಿವೆ. ನಡುವಿನ ಓಣಿಗಳಲ್ಲಿ ಹಳದಿ ಟ್ರಾಮು ಗೋಡೆಗಳನ್ನು ಸವರಿಕೊಂಡೇ ಏರುತ್ತದೆ. ನಮ್ಮ ಆಟೋರಿಕ್ಷಾದಂಥ ಮೂರು ಗಾಲಿಯ ಗಾಡಿಗಳೂ ಅಲ್ಲಿವೆ. ಪ್ರವಾಸಿಗರು ಅವುಗಳಲ್ಲಿ ಕೂರುವುದನ್ನು ದೊಡ್ಡ ಮೋಜೆಂದು ತಿಳಿದು ದುಡ್ಡು ಕೊಡುತ್ತಾರೆ. ನಾನು ಮಾತ್ರ ನಡೆದೆ. ಕರಿ ಬಿಳಿ ಕಲ್ಲಿನ ಚೂರುಗಳನ್ನು ಕೂರಿಸಿ ರಂಗೋಲಿಯಂತೆ ಹಾಸಿದ ಕಾಲುದಾರಿ ಕಣ್ಣಿಗೆ ಹಬ್ಬ, ಮಂಡಿಗೆ ಶಿಕ್ಷೆ. ಬೆಟ್ಟ ಹತ್ತಿ ತಿರುಗಿದರೆ ಕೆಳಗೆ ತೇಜು ನದಿ. ಅದು ಅಟ್ಲಾಂಟಿಕ್ ಸಾಗರ ಸೇರುವ ಮೊದಲು ಎಷ್ಟು ಅಗಲವಾಗುತ್ತದೆಂದರೆ ಅಲ್ಲಿನ ಜನ ಆ ನೀರಿಗೆ ‘ಹುಲ್ಲಿನ ಕಡಲು’ ಎಂದೇ ಹೆಸರಿಟ್ಟಿದ್ದಾರೆ.

ಊರಿನ ಪಶ್ಚಿಮಕ್ಕೆ ಬೆಲೆಂ ಎಂಬಲ್ಲಿ ಜೆರೊನಿಮೊಸ್ ಮಠವಿದೆ. ಮನುವೆಲ್ ದೊರೆ 16ನೇ ಶತಮಾನದ ಆರಂಭದಲ್ಲಿ ಕಟ್ಟಿಸತೊಡಗಿದ್ದು. ಕಲ್ಲಿನಲ್ಲಿ ಹಡಗಿನ ಹಗ್ಗ, ಗಂಟು, ಕಡಲ ಬಳ್ಳಿಗಳನ್ನು ಕೆತ್ತಿದ್ದಾರೆ. ಬೇಲೂರು ಹಳೇಬೀಡು ನೋಡಿ ಬೆಳೆದ ಕಣ್ಣೂ ಅಲ್ಲಿ ನಿಲ್ಲುತ್ತದೆ. ಈ ಕಟ್ಟಡದ ಖರ್ಚು ಬಂದದ್ದು ಆಫ್ರಿಕ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ನೂರಕ್ಕೆ ಐದರ ತೆರಿಗೆಯಿಂದ. ಅದರ ಹೆಸರೇ ಮೆಣಸಿನ ತೆರಿಗೆ. ಬಾಗಿಲ ಒಳಗೆ ಹೋದರೆ ವಾಸ್ಕೋ ಡ ಗಾಮನ ಸಮಾಧಿ. ಅವನು 1524ರಲ್ಲಿ ಕೊಚ್ಚಿಯಲ್ಲಿ ಸತ್ತವನು. ಜನ ಸಾಲುಗಟ್ಟಿ ಫೋಟೋ ತೆಗೆಯುತ್ತಿದ್ದರು. ಎರಡನೇ ಸಲ ಬಂದಾಗ, 1502ರಲ್ಲಿ, ಯಾತ್ರಿಕರು ತುಂಬಿದ್ದ ಹಡಗೊಂದನ್ನು ಹೆಂಗಸರು ಮಕ್ಕಳೆನ್ನದೆ ಸುಟ್ಟವನು ಇವನು. ಅದೇ ವರ್ಷ ನಮ್ಮ ಭಟ್ಕಳದ ಮೇಲೆ ಬಿದ್ದು ಅಕ್ಕಿಯ ಕಪ್ಪ ಒಪ್ಪಿಸಿಕೊಂಡ. 1542ರಲ್ಲಿ ಅವನ ಕಡೆಯವರೇ ಆದ ಇನ್ನೊಬ್ಬ ಅಧಿಕಾರಿ ಭಟ್ಕಳವನ್ನು ಸುಟ್ಟು ಹಾಳುಮಾಡಿದ. ಮಠದ ಅಂಗಳದ ಕಂಬಗಳು ಚೆಂದವೆನ್ನುವುದೂ ನಿಜ, ಅದರ ಹಣ ಎಲ್ಲಿಯದೆನ್ನುವುದೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ನಾನು ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಅಂಗಳವನ್ನು ಎರಡು ಸುತ್ತು ಬಂದೆ.

ಇನ್ನು ಊಟದ ಮಾತು. ಹೋಟೆಲಿನ ಪಟ್ಟಿಯಲ್ಲಿ ‘ಕಾಂಜ’ ಎಂಬುದೊಂದು ಕಂಡಿತು. ವಿಚಾರಿಸಿದರೆ ಕೋಳಿಯ ಸಾರಿನಲ್ಲಿ ಬೆಂದ ಅನ್ನ. ನಮ್ಮ ಗಂಜಿಯೇ ಪಶ್ಚಿಮ ಕರಾವಳಿಯಿಂದ ಹಡಗು ಹತ್ತಿ ಹೋಗಿ ಕೋಳಿ ಸೇರಿಸಿಕೊಂಡು ಕುಳಿತಿದೆ. ಮೇಜಿಗೆ ಅವರು ‘ಮೇಜ’ ಎನ್ನುತ್ತಾರೆ. ನಾವು ದಿನವೂ ತರಗತಿಯಲ್ಲಿ ಬಡಿಯುವ ಮೇಜು ಅಲ್ಲಿಂದಲೇ ಬಂದದ್ದು. ಚಾವಿ, ಪಾದ್ರಿ, ಇಸ್ತ್ರಿ, ಕರಾವಳಿಯವರ ಬಟಾಟೆ, ಎಲ್ಲವೂ ಅದೇ ಹಡಗಿನ ಸಾಮಾನು. ಮಾವಿಗೆ ಅವರು ಹೇಳುವ ‘ಮಾಂಗ’ ಮಾತ್ರ ನಮ್ಮ ದಕ್ಷಿಣದವರಿಂದ ಕಲಿತದ್ದು.

ಮೆಣಸಿನಕಾಯಿಯ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಅಮೆರಿಕದ ಗಿಡವನ್ನು ನಮ್ಮ ಕಡೆಗೆ ತಂದವರು ಪೋರ್ಚುಗೀಸರು. ಅದಕ್ಕೆ ಮೊದಲು ನಮ್ಮಲ್ಲಿ ಖಾರ ಎಂದರೆ ಮೆಣಸು, ಶುಂಠಿ, ಹಿಪ್ಪಲಿ. ಹೊಸ ಕಾಯಿ ಬಂದಾಗ ಕನ್ನಡಿಗರು ಹೊಸ ಹೆಸರಿಗಾಗಿ ತಲೆ ಕೆಡಿಸಿಕೊಳ್ಳದೆ ‘ಮೆಣಸಿನ ಕಾಯಿ’ ಎಂದರು. ಮೆಣಸು ಕೊಂಡುಹೋದವರು ಮೆಣಸಿನಕಾಯಿ ಕೊಟ್ಟುಹೋದರು. ಮಾಗಡಿಯ ಅವರೆಕಾಳು ನಮ್ಮದೇ, ರಾಗಿ ಮುದ್ದೆ ಸಾವಿರಾರು ವರ್ಷದ್ದು, ಆದರೆ ಅದರ ಪಕ್ಕದ ಕೆಂಪು ಸಾರು ಐನೂರು ವರ್ಷವೂ ತುಂಬದ ಕೂಸು. ನಮ್ಮ ತೋಟಗಳ ಬಾದಾಮಿ ಮಾವು ಪೇಟೆಯಲ್ಲಿ ಆಲ್ಫಾನ್ಸೊ. ಹೊನ್ನಾವರದ ತಿಮ್ಮೋಜನ ನೆರವು ಪಡೆದು 1510ರಲ್ಲಿ ಗೋವೆ ಹಿಡಿದ ಅಫೊನ್ಸೊ ಡಿ ಅಲ್ಬುಕರ್ಕ್‌ನಿಂದ ಆ ಹೆಸರು ಬಂತೆನ್ನುತ್ತಾರೆ. ಗೋವೆಯಲ್ಲಿ ಪೋರ್ಚುಗೀಸರು ಕಸಿ ಕಟ್ಟಿಸಿ ಬೆಳೆಸಿದ ತಳಿಯ ರುಚಿಯನ್ನು ಚನ್ನಪಟ್ಟಣದ ಮಂಡಿಯಲ್ಲಿ ಬುಟ್ಟಿಗಟ್ಟಲೆ ಕೊಳ್ಳುವಾಗ ಯಾರಿಗೆ ಗೋವೆ ನೆನಪಾಗುತ್ತದೆ?

ನದಿಯ ದಡದಲ್ಲಿ ಒಂದು ದೊಡ್ಡ ಚೌಕವಿದೆ. ಮೆಣಸಿನ ವ್ಯಾಪಾರವನ್ನೆಲ್ಲ ನಡೆಸುತ್ತಿದ್ದ ‘ಇಂಡಿಯಾ ಮನೆ’ ಇದ್ದದ್ದು ಅಲ್ಲಿ. ಮೇಲೆ ಅರಮನೆ, ಕೆಳಗೆ ಉಗ್ರಾಣ. ಫ್ರಾನ್ಸಿನ ದೊರೆ ಮನುವೆಲನನ್ನು ‘ದಿನಸಿ ಅಂಗಡಿಯ ರಾಜ’ ಎಂದು ಛೇಡಿಸಿದನೆಂಬ ಮಾತಿದೆ. 1755ರ ನವೆಂಬರ್ 1, ಹಬ್ಬದ ಬೆಳಿಗ್ಗೆ, ಭೂಮಿ ನಡುಗಿತು. ಕಡಲು ಉಕ್ಕಿ ಬಂತು. ಚರ್ಚುಗಳ ಮೇಣದಬತ್ತಿಗಳಿಂದಲೂ ಒಲೆಗಳಿಂದಲೂ ಹಬ್ಬಿದ ಬೆಂಕಿ ದಿನಗಟ್ಟಲೆ ಉರಿಯಿತು. ಅರಮನೆಯೂ ಇಂಡಿಯಾ ಮನೆಯೂ ಹೋದವು. ಕೆಳಪೇಟೆಯನ್ನು ಮತ್ತೆ ನೇರ ಬೀದಿಗಳಲ್ಲಿ ಕಟ್ಟಿದರು. ಹಳೆಯ ಊರು ಹೇಗಿತ್ತೆಂದು ನೋಡಲು ಹೆಂಚುಬಿಲ್ಲೆಗಳ ಮ್ಯೂಸಿಯಂಗೆ ಹೋಗಬೇಕು. ಅಲ್ಲಿ ಸುಮಾರು 1700ರಲ್ಲಿ ನೀಲಿ ಬಿಲ್ಲೆಗಳ ಮೇಲೆ ಬರೆದ 23 ಮೀಟರ್ ಉದ್ದದ ನಗರದ ಚಿತ್ರವಿದೆ. ಅದರ ಮುಂದೆ ನಾನು ಒಂದು ಗಂಟೆ ಕಳೆದೆ.

ರಾಜ್ಯದ ಕಡತಗಳಿದ್ದ ಕೋಟೆಯ ಗೋಪುರವೂ ಅಂದು ಕುಸಿಯಿತು. ಅದರ ಪಾಲಕ ಮನುವೆಲ್ ಡ ಮಾಯ, ಎಂಬತ್ತರ ಹತ್ತಿರದ ಮುದುಕ, ಅವಶೇಷದಿಂದ ಕಾಗದಗಳನ್ನು ಹೆಕ್ಕಿಸಿ ಕಾಪಾಡಿದ. ಅವು 1990ರಿಂದ ವಿಶ್ವವಿದ್ಯಾಲಯದ ಬಳಿಯ ಹೊಸ ಕಟ್ಟಡದಲ್ಲಿವೆ; ಅಲ್ಬುಕರ್ಕ್ ನಮ್ಮ ಕಡಲತೀರದಿಂದ ಬರೆದ ಪತ್ರಗಳೂ ಅಲ್ಲೇ. ಭಟ್ಕಳವನ್ನು ಸುಟ್ಟವರ ನಾಡಿನವರೇ ವಿಜಯನಗರವನ್ನು ಕಣ್ಣಾರೆ ಕಂಡು ಬರೆದಿಟ್ಟರು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಡೊಮಿಂಗೊ ಪಾಯೆಸ್, ಅಚ್ಯುತರಾಯನ ಕಾಲದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್, ಇವರಿಬ್ಬರ ಬರಹಗಳ ಪ್ರತಿ ಪ್ಯಾರಿಸಿನಲ್ಲಿತ್ತು. 1897ರಲ್ಲಿ ಡೇವಿಡ್ ಲೋಪೆಸ್ ಅದನ್ನು ಲಿಸ್ಬನ್ನಿನಲ್ಲಿ ಅಚ್ಚು ಮಾಡಿಸಿದರು; 1900ರಲ್ಲಿ ರಾಬರ್ಟ್ ಸೆವೆಲ್ ಇಂಗ್ಲಿಷಿಗೆ ತಂದರು. ರಾಯನ ಮುಖದ ಸಿಡುಬಿನ ಕಲೆ, ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು ಮಾಡುತ್ತಿದ್ದ ಸಾಮು ನಮಗೆ ತಿಳಿದದ್ದು ಪಾಯೆಸ್‌ನಿಂದ. ಅರಮನೆಯಲ್ಲಿ ಲೆಕ್ಕ ಬರೆಯುವ ಹೆಂಗಸರಿದ್ದರೆಂದು ತಿಳಿದದ್ದು ನೂನಿಜ್‌ನಿಂದ. ಇದನ್ನು ಹೇಳಿದಾಗ ತರಗತಿಯ ಹೆಣ್ಣುಮಕ್ಕಳು ನೆಟ್ಟಗೆ ಕೂರುವುದನ್ನು ನಾನು ಪ್ರತಿವರ್ಷ ನೋಡಿದ್ದೇನೆ. ಮುಂದೆ ಮಾಗಡಿಗೆ ಬಂದ ಕೆಂಪೇಗೌಡರ ವಂಶವಾಗಲಿ, ಚನ್ನಪಟ್ಟಣದ ಜಗದೇವರಾಯನಾಗಲಿ ಆ ಸಿಂಹಾಸನಕ್ಕೆ ನಡೆದುಕೊಂಡವರೇ. ಆ ಸಿಂಹಾಸನದ ಬಲ ಕುದುರೆ. ಕುದುರೆಯ ದಾರಿ ಗೋವೆ. 1547ರಲ್ಲಿ ಸದಾಶಿವರಾಯನ ಜೊತೆ ಪೋರ್ಚುಗೀಸರು ಮಾಡಿಕೊಂಡ ಒಪ್ಪಂದವೂ ಕುದುರೆಯದೇ.

ಊರಿಗೆ ಹೊರಡುವ ಹಿಂದಿನ ಸಂಜೆ ಇಳಿದುಕೊಂಡ ಮನೆಯಲ್ಲಿ ಸಾರು ಮಾಡಲೆಂದು ಕೆಳಪೇಟೆಯ ಅಂಗಡಿಯೊಂದರಲ್ಲಿ ಕಾಳುಮೆಣಸು ಕೊಂಡೆ. ಹಳೆಯ ಇಂಡಿಯಾ ಮನೆ ಇದ್ದ ಜಾಗಕ್ಕೆ ಅಲ್ಲಿಂದ ಐದು ನಿಮಿಷದ ನಡಿಗೆ. ಪೊಟ್ಟಣ ತಿರುಗಿಸಿ ಓದಿದೆ. ಬೆಳೆದ ದೇಶ, ವಿಯೆಟ್ನಾಂ.