ಲಕ್ವಕ್ಕೆ ಸಿಕ್ಕ ಸಂಖ್ಯೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಹಿರಿಯರೊಬ್ಬರ ಬಾಯಿ ಸೊಟ್ಟಗಾಗಿ, ಒಂದು ಪಕ್ಕದ ಕೈಕಾಲು ಬಿದ್ದುಹೋದರೆ ‘ಲಕ್ವ ಹೊಡೆಯಿತು’ ಎನ್ನುವುದನ್ನು ನೀವು ಕೇಳಿರುತ್ತೀರಿ. ಆ ಒಂದು ಮಾತಿನಲ್ಲಿ ಎರಡು ಕಾಯಿಲೆಗಳಿವೆ. ಮಿದುಳಿನ ರಕ್ತನಾಳ ಒಡೆದರೂ ಲಕ್ವವೇ, ಕಟ್ಟಿಕೊಂಡರೂ ಲಕ್ವವೇ.

ಯಾವುದೆಂದು ಹೊರಗಿನಿಂದ ನೋಡಿ ಖಚಿತವಾಗಿ ಹೇಳಲಾಗದು. ಸ್ವಿಟ್ಜರ್ಲೆಂಡಿನ ವೈದ್ಯ ವೆಪ್ಫರ್ ಸತ್ತವರ ಮಿದುಳನ್ನು ಪರೀಕ್ಷಿಸಿ, ಅಲ್ಲಿ ಕಂಡ ರಕ್ತಸ್ರಾವವನ್ನು 1658ರಲ್ಲಿ ವಿವರಿಸಿದರು. ರೋಗಿ ಸತ್ತ ಮೇಲೆ ಸಿಕ್ಕ ಉತ್ತರ ಅದು! ಬದುಕಿರುವಾಗಲೇ ಒಳಗೆ ಇಣುಕಿದ್ದು 1971ರಲ್ಲಿ. ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆದಾಗ. ಹರಿದ ರಕ್ತ ಈ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ನಾಳ ಕಟ್ಟಿ ಆದ ಹಾನಿಯೋ ಮೊದಲ ಗಂಟೆಗಳಲ್ಲಿ ಕಾಣದೆಯೂ ಇರಬಹುದು. ದಿನವಿಡೀ ಚಿತ್ರಗಳೊಡನೆ ಇರುವ ನನಗೆ ಇದೊಂದು ವಿಸ್ಮಯ: ಕಾಣದಿರುವುದೇ ವೈದ್ಯರಿಗೆ ಸುಳಿವು. ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತ ಹರಿದವರಿಗೆ ಅದೇ ಮದ್ದು ಪ್ರಾಣಕ್ಕೆ ಕುತ್ತು.

ಇನ್ನು ದಾಖಲೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಒಪ್ಪಿದ ರೋಗಪಟ್ಟಿಯ ಹತ್ತನೆಯ ಆವೃತ್ತಿಯಲ್ಲಿ ಮಿದುಳಿನೊಳಗಿನ ರಕ್ತಸ್ರಾವಕ್ಕೆ ಐ61, ರಕ್ತ ತಲುಪದೆ ಮಿದುಳಿನ ಭಾಗ ಸತ್ತರೆ ಐ63. ಯಾವುದೆಂದು ತಿಳಿಯದಿದ್ದರೆ ಐ64. ಈ ಕೊನೆಯದು ನನಗೆ ಪ್ರಾಮಾಣಿಕ ಸಂಖ್ಯೆಯೆನಿಸುತ್ತದೆ. ಅರಕಲಗೂಡಿನ ಹಳ್ಳಿಯಿಂದ ಹೊರಟು, ಸ್ಕ್ಯಾನಿಂಗ್ ಆಗುವ ಮುನ್ನವೇ ತೀರಿಕೊಂಡ ಅಜ್ಜನೊಬ್ಬನಿಗೆ ಊಹೆಯ ಮೇಲೆ ಐ63 ಬರೆದರೆ ಜಿಲ್ಲೆಯ ಲೆಕ್ಕವೇ ಸುಳ್ಳಾಗುತ್ತದೆ. 2022ರಲ್ಲಿ ಜಾರಿಗೆ ಬಂದ ಹನ್ನೊಂದನೆಯ ಆವೃತ್ತಿ ಲಕ್ವವನ್ನು ರಕ್ತಪರಿಚಲನೆಯ ಅಧ್ಯಾಯದಿಂದ ನರಮಂಡಲದ ಅಧ್ಯಾಯಕ್ಕೆ ಸರಿಸಿತು. ‘ತಿಳಿಯದು’ ಎನ್ನುವವರಿಗೆ ಅಲ್ಲೂ ಒಂದು ಸಂಖ್ಯೆಯಿದೆ: 8ಬಿ20.